ಫಾಲೋವರ್ಸ್ ಐದು ಸಾವಿರ, ಓದೋರು ಎಲ್ಲಿ?

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ಸಂಗತಿ, ಕಥೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಕೆ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ನಲವತ್ತರ ಆಸುಪಾಸು. ಮಲೆನಾಡಿನ ಒಂದು ತಾಲ್ಲೂಕು ಊರು. ಗಂಡನಿಗೆ ಅಡಿಕೆ ವ್ಯಾಪಾರ, ಮಗಳು ಪಿಯುಸಿ. ಊಟ ಸೇರುತ್ತಿರಲಿಲ್ಲ, ಮನೆಯಲ್ಲಿ ಮಾತು ಕಮ್ಮಿಯಾಗಿತ್ತು. ಥೈರಾಯ್ಡ್, ಬಿಪಿ ಎಲ್ಲ ನೋಡಿ ಏನೂ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ ಅವರ ಡಾಕ್ಟರೇ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಕಳಿಸಿದ್ದರು.

"ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ ಮೇಡಂ. ಕೈ ತಾನಾಗೇ ಫೋನಿಗೆ ಹೋಗುತ್ತೆ. ಎಷ್ಟು ಜನ ಓದಿದ್ರು ಅಂತ ನೋಡ್ತೀನಿ. ಜಾಸ್ತಿ ಆಗಿದ್ರೆ ಖುಷಿಗೆ ನಿದ್ದೆ ಬರಲ್ಲ, ಕಮ್ಮಿ ಆಗಿದ್ರೆ ಸಂಕಟಕ್ಕೆ ನಿದ್ದೆ ಬರಲ್ಲ."

ಆಕೆ ಧಾರಾವಾಹಿ ಬರೆಯುತ್ತಾರೆ. ಫೋನಿನಲ್ಲೇ ಟೈಪ್ ಮಾಡಿ, ಓದು-ಬರಹದ ಒಂದು ಆ್ಯಪಿನಲ್ಲಿ ಭಾಗ ಭಾಗವಾಗಿ ಹಾಕುತ್ತಾರೆ. ಈ ಲೋಕದ ಪರಿಚಯ ಇಲ್ಲದವರಿಗೆ ಎರಡು ಮಾತು. 2006ರಲ್ಲಿ ಕೆನಡಾದಲ್ಲಿ ವಾಟ್‌ಪ್ಯಾಡ್ ಶುರುವಾಯಿತು. 2014ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರತಿಲಿಪಿ ಶುರುವಾಯಿತು. ಇಂಥ ಕಡೆ ಸಂಪಾದಕರ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಬರೆದವರೇ ಪ್ರಕಟಿಸುತ್ತಾರೆ, ಓದಿದವರು ಸ್ಟಾರ್ ಕೊಡುತ್ತಾರೆ, ಕೆಳಗೆ ನಾಲ್ಕು ಮಾತು ಬರೆಯುತ್ತಾರೆ, ಇಷ್ಟವಾದರೆ ಫಾಲೋ ಮಾಡುತ್ತಾರೆ. ಅಡುಗೆಮನೆ ಕೆಲಸ ಮುಗಿಸಿ ರಾತ್ರಿ ಬರೆಯುವ ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲ ಓದುಗರು ಸಿಕ್ಕಿದ್ದು ಇಂಥ ಜಾಗದಲ್ಲೇ. ಇದನ್ನು ನಾನು ಸಣ್ಣ ವಿಷಯ ಅಂತ ಯಾವತ್ತೂ ತಿಳಿದಿಲ್ಲ.

ಈಕೆ ಶುರು ಮಾಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಮೊದಲ ಧಾರಾವಾಹಿ ಒಂದು ಕೂಡುಕುಟುಂಬದ ಕಥೆ. ಓದುಗರು ತಾವಾಗಿಯೇ ಬಂದರು. ಆಮೇಲೆ ಯಾರೋ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಬರೆಯುವವರದೇ ಗುಂಪು. ನಿಯಮ ಇಷ್ಟೇ: ನನ್ನ ಭಾಗಕ್ಕೆ ಐದು ಸ್ಟಾರ್ ಹಾಕಿ, ನಿಮ್ಮದಕ್ಕೆ ನಾನೂ ಹಾಕ್ತೀನಿ. ಫಾಲೋ ಮಾಡಿ, ನಾನೂ ಮಾಡ್ತೀನಿ. ಫಾಲೋವರ್ಸ್ ಸಂಖ್ಯೆ ಸರಸರ ಅಂತ ಏರಿ ಐದು ಸಾವಿರ ದಾಟಿತು. ಆದರೆ ಹೊಸ ಭಾಗ ಹಾಕಿದರೆ ಓದುವವರು ನೂರರ ಲೆಕ್ಕದಲ್ಲಿ. ಅದರಲ್ಲೂ ಎಷ್ಟೋ ಜನ ಪುಟ ತೆರೆದು, ಸ್ಟಾರ್ ಒತ್ತಿ, "ಸೂಪರ್" ಅಂತ ಹಾಕಿ ಹೊರಟವರು.

ಸಂಖ್ಯೆ ಏರಲಿ ಅಂತ ಆಕೆ ಇನ್ನೊಂದು ಕೆಲಸ ಮಾಡಿದರು. ಎರಡನೇ ಧಾರಾವಾಹಿಯನ್ನು ಅರ್ಧದಲ್ಲಿ ತಿರುಗಿಸಿಬಿಟ್ಟರು. ಆಗ ಆ ಆ್ಯಪಿನಲ್ಲಿ ಸಿಡುಕು ಸ್ವಭಾವದ ಶ್ರೀಮಂತ ನಾಯಕ, ಬಲವಂತದ ಮದುವೆ, ಇಂಥ ಕಥೆಗಳು ಓಡುತ್ತಿದ್ದವು. ತಮ್ಮ ಕಥೆಯ ಹೈಸ್ಕೂಲ್ ಮೇಷ್ಟ್ರನ್ನು ಊರಿಂದ ಕಳಿಸಿ, ಅಂಥವನೊಬ್ಬನನ್ನು ಕರೆತಂದರು. ಹಳೇ ಓದುಗರು ಒಬ್ಬೊಬ್ಬರಾಗಿ ಮಾಯವಾದರು. ಹೊಸಬರೇನೂ ಹೆಚ್ಚು ಬರಲಿಲ್ಲ. ಅದೇ ಹೊತ್ತಿಗೆ ಯಾರೋ ಒಂದೂ ಮಾತು ಬರೆಯದೆ ಎರಡೇ ಸ್ಟಾರ್ ಕೊಟ್ಟು ಹೋದರು. ಅದು ಗುಂಪಿನವರದೇ ಕೆಲಸ ಅಂತ ಆಕೆಗೆ ಅನುಮಾನ. ನಿದ್ದೆ ಕೆಟ್ಟದ್ದು ಅಲ್ಲಿಂದ.

ಮೊದಲು ನಾನು ನೋಡಿದ್ದು ಇದು ಖಿನ್ನತೆಯಾ ಅಂತ. ಇಡೀ ದಿನ ಬೇಸರವಾ, ಬದುಕೇ ಬೇಡ ಅನ್ನಿಸುತ್ತಾ ಅಂತ ಬಿಡಿಸಿ ಕೇಳಿದೆ. ಹಾಗೇನಿರಲಿಲ್ಲ. ಮಗಳ ಜೊತೆ ಪೇಟೆಗೆ ಹೋದರೆ ಖುಷಿಯಾಗಿರುತ್ತಿದ್ದರು. ಆದರೂ ಮನಸ್ಸು ತೀರಾ ಕುಗ್ಗಿದರೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು ಅಂತ ಬರೆದುಕೊಟ್ಟೆ. ಫೋನ್ ಬಿಡಲಾಗದ ತೊಂದರೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಅಗತ್ಯ ಈಗ ಕಾಣುತ್ತಿಲ್ಲ ಅಂತಲೂ ಹೇಳಿದೆ.

ರಾತ್ರಿ ಎರಡು ಗಂಟೆಗೆ ಫೋನ್ ನೋಡುವುದು ಆಕೆಯ ಚಪಲವೂ ಅಲ್ಲ, ದುರಾಸೆಯೂ ಅಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳನ್ನು ಆಕೆಗೆ ಹೇಳಿದೆ. ಕುಟುಕಿದಾಗ ಕಾಳು ಯಾವಾಗ ಬೀಳುತ್ತೆ ಅಂತ ಹೇಳಲು ಬರದಿದ್ದಾಗ ಪಾರಿವಾಳ ಬಿಡದೆ ಕುಟುಕುತ್ತಲೇ ಇರುತ್ತದೆ. ಕಾಳು ನಿಂತ ಮೇಲೂ ಎಷ್ಟೋ ಹೊತ್ತು ಬಿಡುವುದಿಲ್ಲ. ಒಂದು ಸಲ ನೋಡಿದರೆ ಹತ್ತು ಕಾಮೆಂಟ್, ಇನ್ನೊಂದು ಸಲ ಏನೂ ಇಲ್ಲ. ಅದಕ್ಕೇ ಕೈ ಮತ್ತೆ ಮತ್ತೆ ಹೋಗುವುದು. ಇದನ್ನು ಕೇಳಿ ಆಕೆ ಉಸಿರು ಬಿಟ್ಟರು. "ನಂದೇ ಏನೋ ಹುಚ್ಚು ಅಂದ್ಕೊಂಡಿದ್ದೆ" ಅಂದರು.

ನೋಟಿಫಿಕೇಶನ್ ಬಂದ್ ಮಾಡಿಸಿದೆ. ಫೋನ್ ರಾತ್ರಿ ಹಾಲ್‌ನಲ್ಲಿ ಚಾರ್ಜ್‌ಗೆ. ಓದಿದವರ ಸಂಖ್ಯೆ ನೋಡುವುದು ದಿನಕ್ಕೆ ಒಂದೇ ಸಲ, ಸಂಜೆ ಕಾಫಿ ಹೊತ್ತಿಗೆ. ಇದೆಲ್ಲ ಎಲ್ಲರೂ ಹೇಳುವುದೇ. ಇಷ್ಟಕ್ಕೇ ಸಮಸ್ಯೆ ತೀರುವುದಿಲ್ಲ. ಯಾಕೆಂದರೆ ಆಕೆಗೆ ಓದುಗರು ಬೇಕು, ಆ ಆಸೆ ನ್ಯಾಯವಾದದ್ದು. ಬರೆದದ್ದನ್ನು ಯಾರಾದರೂ ಓದಲಿ ಅನ್ನುವ ಆಸೆಯನ್ನೇ ಬಿಟ್ಟುಬಿಡಿ ಅನ್ನುವ ಸಲಹೆಯನ್ನು ನಾನು ಕೊಡುವುದಿಲ್ಲ.

ಹಾಗಾಗಿ ಮುಂದಿನ ಸಲ ಒಂದು ನೋಟ್‌ಬುಕ್ ತರಲು ಹೇಳಿದೆ. ಹಿಂದಿನ ಹತ್ತು ಭಾಗಗಳ ಕೆಳಗಿನ ಕಾಮೆಂಟ್‌ಗಳನ್ನು ಇಬ್ಬರೂ ಕೂತು ಓದಿದೆವು. "ಸೂಪರ್", "ನೈಸ್", ಬರೀ ಕೈಮುಗಿದ ಚಿತ್ರ, ಇವೆಲ್ಲ ಪಕ್ಕಕ್ಕೆ. ಕಥೆಯ ಒಳಗಿನ ಯಾವುದಾದರೂ ಮಾತು ಹಿಡಿದು ಬರೆದವರು ಯಾರು? ಮೂರಕ್ಕಿಂತ ಹೆಚ್ಚು ಭಾಗಗಳಲ್ಲಿ ಬಂದವರು ಯಾರು? ಆ ಹೆಸರುಗಳನ್ನು ಮಾತ್ರ ಬರೆದುಕೊಳ್ಳಿ ಅಂದೆ. ಕೊನೆಗೆ ನೋಟ್‌ಬುಕ್ಕಿನಲ್ಲಿ 27 ಹೆಸರು ಉಳಿದವು.

"ಐದು ಸಾವಿರಕ್ಕೆ ಇಷ್ಟೇನಾ?" ಅಂತ ಆಕೆ ಅತ್ತುಬಿಟ್ಟರು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಳು ನಿಂತ ಮೇಲೆ ಆ ಪಟ್ಟಿಯಲ್ಲಿ ಒಬ್ಬರ ಕಾಮೆಂಟ್ ತೋರಿಸಿ ಮತ್ತೆ ಓದಿ ಅಂದೆ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು, ಬಸ್ಸಿನಲ್ಲಿ ಹೋಗ್ತಾ ಬರ್ತಾ ಓದುವವಳು. "ಅಕ್ಕಾ, ಮೂರನೇ ಭಾಗದಲ್ಲಿ ಅತ್ತೆಗೆ ಶುಗರ್ ಅಂದಿದ್ರಿ. ಈಗ ಹೋಳಿಗೆ ಮೇಲೆ ಹೋಳಿಗೆ ತಿಂತಿದ್ದಾರಲ್ಲ?" ಅಂತ ಬರೆದಿದ್ದಳು.

ಆಕೆಗೆ ಈ ಕಾಮೆಂಟ್ ಬಂದ ದಿನ ಚೆನ್ನಾಗಿ ನೆನಪಿತ್ತು. ಎಲ್ಲರ ಮುಂದೆ ತಪ್ಪು ಎತ್ತಿ ತೋರಿಸಿದಳಲ್ಲ ಅಂತ ಕಸಿವಿಸಿಯಾಗಿ ಉತ್ತರವನ್ನೇ ಕೊಟ್ಟಿರಲಿಲ್ಲ. ನಾನು ಕೇಳಿದೆ: ಮೂರನೇ ಭಾಗದ ಒಂದು ಸಾಲನ್ನು ಮೂವತ್ತನೇ ಭಾಗದವರೆಗೆ ನೆನಪಿಟ್ಟುಕೊಂಡಿದ್ದಾಳಲ್ಲ, ಆ ಐದು ಸ್ಟಾರ್ ಗುಂಪಿನಲ್ಲಿ ಇಷ್ಟು ಗಮನ ಕೊಟ್ಟು ಓದಿದವರು ಒಬ್ಬರಾದರೂ ಇದ್ದಾರಾ? ಆಕೆ ತುಂಬಾ ಹೊತ್ತು ಮಾತಾಡಲಿಲ್ಲ. "ಇವಳು ನನ್ನ ಕಥೆಯನ್ನ ನನಗಿಂತ ಚೆನ್ನಾಗಿ ಓದಿದ್ದಾಳೆ ಮೇಡಂ" ಅಂದರು.

ನಿಷ್ಠೆಯ ಓದುಗರು ಅಂದರೆ ಇವರೇ. ಹೊಗಳದೆ ಹೋದರೂ ಮತ್ತೆ ಮತ್ತೆ ಬರುವವರು, ತಪ್ಪಿದಾಗ ಹಕ್ಕಿನಿಂದ ಕೇಳುವವರು. ಇಂಥವರನ್ನು ಉಳಿಸಿಕೊಂಡರೆ ಅವರೇ ಇನ್ನೊಬ್ಬರಿಗೆ ಹೇಳುತ್ತಾರೆ, ಅಲ್ವಾ? ಪಕ್ಕದ ಮಷೀನಿನವಳಿಗೆ, ತಂಗಿಗೆ, ವಾರಗಿತ್ತಿಗೆ. ನಾನು ಕೊಟ್ಟ ಸಲಹೆಯೆಲ್ಲ ಈ 27 ಜನರ ಸುತ್ತಲೇ.

ಗುಂಪು ಬಿಡಿ ಅಂತ ನೇರವಾಗಿ ಹೇಳಿದೆ. ಬರೆಯುವ ಗೆಳತಿಯರನ್ನಲ್ಲ, ಸ್ಟಾರ್ ಕೊಡು-ತಗೊಳ್ಳುವ ವ್ಯವಹಾರವನ್ನು. ಹೀಗೆ ಬಂದ ಫಾಲೋವರ್ಸ್ ಸಾಲ ತೀರಿಸಲು ಬಂದವರು. ಸಾಲ ತೀರಿತು, ಹೊರಟರು. ಅಷ್ಟೇ ಅಲ್ಲ, ದಿನಾ ಬೇರೆಯವರ ಭಾಗಗಳಿಗೆ ಸ್ಟಾರ್ ಹಾಕುವುದಕ್ಕೇ ಆಕೆಯ ಒಂದು ಗಂಟೆ ಹೋಗುತ್ತಿತ್ತು. ಆ ಗಂಟೆಯಲ್ಲಿ ಕಥೆಯೊಳಗೆ ಬಂದು ಮಾತಾಡಿದವರಿಗೆ ಉತ್ತರ ಬರೆಯಿರಿ. "ಧನ್ಯವಾದ" ಅಂತ ಒಂದೇ ಪದ ಎಲ್ಲರಿಗೂ ಅಂಟಿಸಬೇಡಿ. ಅವರು ಹಿಡಿದ ಮಾತನ್ನೇ ಹಿಡಿದು ಉತ್ತರ ಕೊಡಿ.

ಎರಡನೆಯದು ದಿನ. ಆಕೆ ಕೆಲವು ವಾರ ದಿನಾ ಒಂದು ಭಾಗ ಹಾಕುತ್ತಿದ್ದರು, ಆಮೇಲೆ ಸುಸ್ತಾಗಿ ಹದಿನೈದು ದಿನ ಸುಮ್ನೆ ಇದ್ದುಬಿಡುತ್ತಿದ್ದರು. ಇದರ ಬಗ್ಗೆ ಮಾತಾಡುವಾಗ ಅವರ ತಾಯಿಯ ವಿಷಯ ಬಂತು. 1965ರಲ್ಲಿ ಸುಧಾ, 1983ರಲ್ಲಿ ತರಂಗ ಶುರುವಾದವು. ಆ ತಲೆಮಾರಿನ ಹೆಂಗಸರು ವಾರಪತ್ರಿಕೆಯ ಧಾರಾವಾಹಿಗೆ ಹೇಗೆ ಕಾಯುತ್ತಿದ್ದರು ಅಂತ ನಮಗೆಲ್ಲ ಗೊತ್ತು. ಆಕೆಯ ತಾಯಿ ಆ ಪುಟಗಳನ್ನು ಕತ್ತರಿಸಿ, ಮುಗಿದ ಮೇಲೆ ಬೈಂಡ್ ಮಾಡಿಸಿ ಇಟ್ಟಿದ್ದರಂತೆ. ಪತ್ರಿಕೆ ವಾರಕ್ಕೊಂದೇ ಸಲ ಬರುತ್ತಿತ್ತು, ಆದರೆ ತಪ್ಪದೆ ಬರುತ್ತಿತ್ತು. ಓದುಗರಿಗೆ ಬೇಕಾದದ್ದು ದಿನಾ ಒಂದು ಭಾಗ ಅಲ್ಲ, ಹೇಳಿದ ದಿನಕ್ಕೆ ಒಂದು ಭಾಗ. ಬುಧವಾರ ಮತ್ತು ಶನಿವಾರ ಅಂತ ಗೊತ್ತು ಮಾಡಿಕೊಂಡೆವು. ಮಗಳ ಪರೀಕ್ಷೆ, ಮನೆಯಲ್ಲಿ ಹಬ್ಬ, ಜ್ವರ ಯಾವುದು ಬಂದರೂ ದಿನ ತಪ್ಪದ ಹಾಗೆ ನಾಲ್ಕು ಭಾಗ ಮೊದಲೇ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿರಬೇಕು.

ದಾರಿ ತಪ್ಪಿದ ಕಥೆಯನ್ನು ಏನು ಮಾಡುವುದು? ಅಳಿಸಿಬಿಡ್ತೀನಿ ಅಂದರು. ಬೇಡ ಅಂದೆ. ಇಷ್ಟು ದೂರ ಜೊತೆಗೆ ಬಂದವರನ್ನು ನಡುದಾರಿಯಲ್ಲಿ ಬಿಟ್ಟ ಹಾಗಾಗುತ್ತದೆ. ಕಥೆ ತಮ್ಮ ಕೈ ಮೀರಿ ಬೇರೆ ಕಡೆ ಹೋಯಿತು ಅಂತ ಓದುಗರಿಗೇ ನಾಲ್ಕು ಸಾಲು ಬರೆದು ಮುಂದುವರಿಸಿ ಅಂದೆ. ಹಾಗೇ ಮಾಡಿದರು. ಹೋಳಿಗೆಯ ವಿಷಯವನ್ನೂ ತಿದ್ದಲಿಲ್ಲ. ಅತ್ತೆ ಶುಗರ್ ಇದ್ದೂ ಕದ್ದು ಹೋಳಿಗೆ ತಿನ್ನುವುದು, ಸೊಸೆಗೆ ಅದು ಗೊತ್ತಾಗುವುದು ಒಂದು ಪೂರ್ತಿ ಭಾಗವಾಯಿತು. ಕೊನೆಯಲ್ಲಿ ಆ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಒಂದು ಸಾಲಿನ ಕೃತಜ್ಞತೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕಾಯಿತು. ಒಬ್ಬ ಓದುಗ ರಾತ್ರಿ ಹೊತ್ತು ಇನ್‌ಬಾಕ್ಸ್‌ಗೆ ಬಂದು ಫೋನ್ ನಂಬರ್ ಕೇಳುತ್ತಿದ್ದ. ಓದುಗರು ಬೇಜಾರು ಮಾಡ್ಕೋತಾರೆ ಅಂತ ಈಕೆ ಮೆತ್ತಗೆ ಉತ್ತರ ಕೊಡುತ್ತಿದ್ದರು. ದಿನಾ ಓದಿದವರಿಗೆ ಬರೆದವರು ತಮ್ಮ ಸ್ವಂತದವರು ಅನ್ನಿಸುವುದು ಸಹಜ. ಹೊರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು ರೇಡಿಯೊ, ಟಿವಿಯಲ್ಲಿ ಕಾಣುವವರ ವಿಷಯದಲ್ಲಿ ಇದನ್ನು 1956ರಲ್ಲೇ ಗುರುತಿಸಿದ್ದರು. ಆದರೆ ಆ ಭಾವನೆಗೆ ನಂಬರ್ ಕೊಡುವ ಋಣ ನಿಮಗಿಲ್ಲ. ಓದುಗರ ಜೊತೆ ಮಾತು ಕಥೆಯ ಕೆಳಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಮಾತ್ರ. ಅವನನ್ನು ಬ್ಲಾಕ್ ಮಾಡಿಸಿದೆ.

ಗಂಡನನ್ನೂ ಒಂದು ದಿನ ಕರೆಸಿದೆ. ಹೆಂಡತಿ ರಾತ್ರಿ ಯಾರ ಜೊತೆಗೋ ಚಾಟ್ ಮಾಡ್ತಾಳೆ ಅಂತ ಅವರಿಗೆ ಒಳಗೊಳಗೇ ಕುದಿತ. ಕಥೆ ಬರೆಯುತ್ತಾಳೆ ಅಂತ ಗೊತ್ತಿತ್ತು, ಒಂದು ಭಾಗವನ್ನೂ ಓದಿರಲಿಲ್ಲ. "ಇದ್ರಿಂದ ಎಷ್ಟು ಬರುತ್ತೆ?" ಅಂತ ಮಾತ್ರ ಆಗಾಗ ಕೇಳುತ್ತಿದ್ದರು. ಅವರಿಗೆ 1973ರ ಒಂದು ಅಧ್ಯಯನ ಹೇಳಿದೆ. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಮಾಡಿದ್ದು. ಇಷ್ಟಪಟ್ಟು ಚಿತ್ರ ಬಿಡಿಸುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದರು. ಆಮೇಲೆ ಬಹುಮಾನ ಇಲ್ಲದಾಗ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಎಷ್ಟು ಬಂತು ಅಂತ ಕೇಳುವ ಬದಲು, ಈ ವಾರ ಕಥೆಯಲ್ಲಿ ಏನಾಯ್ತು ಅಂತ ಕೇಳಿ ಅಂದೆ. ಅಡಿಕೆ ಮಂಡಿಯ ದೃಶ್ಯವೊಂದನ್ನು ಓದಿ, "ದರ ಹೀಗೆ ಕೂಗಲ್ಲ, ಬಾ ಹೇಳ್ತೀನಿ" ಅಂತ ಅವರೇ ಕೂತು ತಿದ್ದಿದರಂತೆ.

ಈಗ ಆಕೆ ರಾತ್ರಿ ಹೆಚ್ಚುಕಮ್ಮಿ ಪೂರ್ತಿ ನಿದ್ದೆ ಮಾಡುತ್ತಾರೆ. ಸಂಖ್ಯೆ ನೋಡುವ ಚಾಳಿ ಪೂರ್ತಿ ಹೋಗಿಲ್ಲ, ಹೊಸ ಧಾರಾವಾಹಿಯ ಮೊದಲ ವಾರ ಮತ್ತೆ ಹೆಚ್ಚಾಗಿತ್ತು. ಗುಂಪು ಬಿಟ್ಟ ಮೇಲೆ ಫಾಲೋವರ್ಸ್ ಸ್ವಲ್ಪ ಇಳಿದರು. ನೋಟ್‌ಬುಕ್ಕಿನ ಹೆಸರುಗಳು ಮಾತ್ರ ನಿಧಾನಕ್ಕೆ ಬೆಳೆಯುತ್ತಿವೆ. ಈ ಸಲ ಬಂದಾಗ ಹೊಸ ಪ್ರಶ್ನೆ ತಂದಿದ್ದರು: ಮುಂದಿನ ಭಾಗಗಳನ್ನು ದುಡ್ಡು ಕೊಟ್ಟವರಿಗೆ ಮಾತ್ರ ತೆರೆಯುವ ಹಾಗೆ ಇಡಲಾ? ಬಸ್ಸಿನಲ್ಲಿ ಓದುವ ಆ ಹುಡುಗಿ ಏನು ಮಾಡ್ತಾಳೆ ಅನ್ನುವುದೇ ಆಕೆಯ ಚಿಂತೆ. ದುಡಿಮೆಗೆ ದುಡ್ಡು ಕೇಳುವುದರಲ್ಲಿ ತಪ್ಪಿಲ್ಲ ಅಂದೆ. ಈಗ ನಡೆಯುತ್ತಿರುವ ಕಥೆಗೆ ನಡುವೆ ಬೀಗ ಹಾಕಬೇಡಿ, ಇದು ಎಲ್ಲರಿಗೂ ತೆರೆದೇ ಮುಗಿಯಲಿ. ಮುಂದಿನ ಕಥೆಗೆ ದುಡ್ಡು ಇಡುವುದಾದರೆ ಮೊದಲ ಭಾಗದಲ್ಲೇ ಓದುಗರಿಗೆ ಹೇಳಿ ಶುರು ಮಾಡಿ ಅಂದೆ.