ಟಾಂಗಾ ಕುದುರೆಗೆ ಯಾವ ಖನಿಜ ಪುಡಿ?

ಪ್ರಶ್ನೆ: ನಾನು ಮೈಸೂರಿನಲ್ಲಿ ಟಾಂಗಾ ಓಡಿಸುತ್ತೇನೆ. ಸುಮಾರು 300 ಕಿಲೋ ತೂಗುವ ನನ್ನ ಕುದುರೆಗೆ ದಿನಕ್ಕೆ 2 ಕಿಲೋ ಗೋಧಿ ಬೂಸಾ, 1 ಕಿಲೋ ಬೇಯಿಸಿದ ಹುರುಳಿ ಮತ್ತು ಒಣಹುಲ್ಲು ಹಾಕುತ್ತೇನೆ. ಗೊರಸು ಬಿರುಕು ಬಿಡುತ್ತಿದೆ. ಕುದುರೆಗೆಂದೇ ಬರುವ ವಿಟಮಿನ್ ಡಬ್ಬಿ ನನ್ನ ಕೈಗೆ ಎಟಕುವಂತಿಲ್ಲ. ಹಸುಗಳಿಗೆ ಕೊಡುವ ಖನಿಜ ಮಿಶ್ರಣವನ್ನೇ ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ದನ ಮತ್ತು ಕೋಳಿಗಳಿಗಾಗಿ ತಯಾರಾಗುವ ಕೆಲವು ಆಹಾರಗಳಲ್ಲಿ, ಮಿಶ್ರಣಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಸೇರಿರುತ್ತದೆ. ಅವು ತಾಳಿಕೊಳ್ಳುವ ಆ ಪ್ರಮಾಣವೇ ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಅದು ಇಲ್ಲದಿದ್ದರೂ ಹಸುವಿನ ಮಿಶ್ರಣದಲ್ಲಿ ರಂಜಕ ಧಾರಾಳವಾಗಿರುತ್ತದೆ, ನಿಮ್ಮ ಕುದುರೆಗೆ ಅದು ಈಗಾಗಲೇ ಅತಿಯಾಗಿದೆ.

ಗೊರಸಿಗಿಂತ ಮೊದಲು ಬೂಸಾದ ಮಾತನ್ನು ಆಡಬೇಕು. ಒಂದು ಕಿಲೋ ಗೋಧಿ ಬೂಸಾದಲ್ಲಿ ರಂಜಕ ಸುಮಾರು 11 ಗ್ರಾಂ ಇದ್ದರೆ ಕ್ಯಾಲ್ಸಿಯಂ ಒಂದು ಗ್ರಾಮಿಗಿಂತ ಅಷ್ಟೇನೂ ಹೆಚ್ಚಿಲ್ಲ. ಕುದುರೆಯ ಒಟ್ಟು ಮೇವಿನಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಒಂದೂವರೆ ಪಟ್ಟಾದರೂ ಇರಬೇಕು. ಇಲ್ಲವಾದರೆ ದೇಹವು ಆ ಕೊರತೆಯನ್ನು ಮೂಳೆಯಿಂದಲೇ ತುಂಬಿಕೊಳ್ಳುತ್ತದೆ, ಕ್ರಮೇಣ ದವಡೆಯ ಮೂಳೆ ಊದಿ ಮುಖ ದಪ್ಪಗಾಗುತ್ತದೆ, ಕಾಲು ಕುಂಟುತ್ತದೆ. ಕಣ್ಣಿನ ಕೆಳಗೆ, ಮೂಗಿನ ಎರಡೂ ಬದಿಗೆ ಕೈಯಾಡಿಸಿ ನೋಡಿ. ಉಬ್ಬು ಸಿಕ್ಕರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಆದ್ದರಿಂದ ಬೂಸಾವನ್ನು ಒಂದೆರಡು ವಾರಗಳಲ್ಲಿ ನಿಧಾನವಾಗಿ 1 ಕಿಲೋಗೆ ಇಳಿಸಿ, ಆ ಜಾಗಕ್ಕೆ ಕುದುರೆ ಮಸಾಲೆ (ಲೂಸರ್ನ್) ಎಂಬ ಹಸಿರು ಮೇವಿನ ಸೊಪ್ಪನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ದಿನಕ್ಕೆ 3 ಕಿಲೋವರೆಗೆ ಕೊಡಿ. ಜೊತೆಗೆ ಕೋಳಿ ಆಹಾರದ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ, ಬೇರೇನೂ ಬೆರೆಸದ ಸುಣ್ಣಕಲ್ಲಿನ ಪುಡಿ 30 ಗ್ರಾಂ ಸಾಕು. ಸೊಪ್ಪು ಸಿಗದ ದಿನಗಳಲ್ಲಿ 50 ಗ್ರಾಂ. ಗೋಡೆಗೆ ಬಳಿಯುವ ಅಥವಾ ಎಲೆ ಅಡಿಕೆಯ ಸುಣ್ಣವನ್ನು ಮಾತ್ರ ಹಾಕಬೇಡಿ, ಬಾಯಿ ಹೊಟ್ಟೆ ಸುಡುತ್ತದೆ. ಒಣಗಿದ ಮೇವಿನ ಮೇಲೆ ಉದುರಿಸಿದ ಪುಡಿಯನ್ನು ಕುದುರೆ ಮೂಗಿನಿಂದ ಊದಿ ಬದಿಗೆ ಸರಿಸುತ್ತದೆ, ಉಳಿದದ್ದು ಬಾನಿಯ ತಳಕ್ಕಿಳಿಯುತ್ತದೆ. ಬೂಸಾವನ್ನು ನೀರು ಚಿಮುಕಿಸಿ ಒದ್ದೆಮಾಡಿ ಕಲಸಿದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಬೆವರು ಸುರಿಸಿ ದುಡಿಯುವ ಪ್ರಾಣಿಗೆ ದಿನಕ್ಕೆ 30 ಗ್ರಾಂ ಅಡುಗೆ ಉಪ್ಪೂ ಬೇಕು.

ವಿಟಮಿನ್‌ಗಳಿಗಾಗಿ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಬಿ ಗುಂಪಿನವು ಬಹುಪಾಲು ಕುದುರೆಯ ದೊಡ್ಡ ಕರುಳಿನಲ್ಲೇ ತಯಾರಾಗುತ್ತವೆ, ಸಿ ಅದರ ಯಕೃತ್ತಿನಲ್ಲೇ ಆಗುತ್ತದೆ, ಎ ಮತ್ತು ಇ ಹಸಿರು ಸೊಪ್ಪಿನಿಂದ ಬರುತ್ತವೆ.

ಇಷ್ಟಾದ ಮೇಲೂ ಗೊರಸಿಗೆಂದು ಡಬ್ಬಿ ಕೊಳ್ಳುವುದಾದರೆ ಚೀಟಿಯಲ್ಲಿ ಸತು, ತಾಮ್ರ ಮತ್ತು ದಿನದ ಅಳತೆಗೆ ಸುಮಾರು 15 ಮಿಲಿಗ್ರಾಂ ಬಯೋಟಿನ್ ಇರುವುದನ್ನು ನೋಡಿ ಆರಿಸಿ. ಸೆಲೆನಿಯಂ ಇರುವ ಎರಡು ಪುಡಿಗಳನ್ನು ಒಟ್ಟಿಗೆ ಕೊಡಬೇಡಿ, ಹೆಚ್ಚಾದರೆ ಅದು ವಿಷ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲವಾದ್ದರಿಂದ ಕೆಳಗಿನ ಬಿರುಕು ಕೂಡುತ್ತದೆಯೇ ಎಂದು ಕಾಯದೆ, ಲಾಳ ಕಟ್ಟಿಸುವಾಗಲೆಲ್ಲ ಕೂದಲಿನ ಅಂಚಿನ ಕೆಳಗೆ ಹೊಸದಾಗಿ ಇಳಿದಿರುವ ಗೊರಸು ನಯವಾಗಿದೆಯೇ ಎಂದು ನೋಡುತ್ತಿರಿ.