ಎರಡನೇ ಪುಟದಲ್ಲೂ ಅದೇ ಪೋಸ್ಟ್ ಬರುವುದು ಯಾಕೆ?

ಅಣ್ಣಾ, ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ಕೃಷಿಕರ ಪ್ರಶ್ನೋತ್ತರಗಳನ್ನು ಇಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶಕ್ಕೆ ಹಾಕಿ, ಪಂಚಾಯತಿನ ಹೆಸರಲ್ಲಿ ರೂಟಿಂಗ್ ಕೊಟ್ಟು (ಒಂದು ಪಂಚಾಯತಿನ ಪೋಸ್ಟ್‌ಗಳೆಲ್ಲ ಒಂದೇ ಕಡೆ ಹೋಗುವ ಹಾಗೆ) ಐದು ಶಾರ್ಡ್‌ಗೆ, ಅಂದರೆ ಇಂಡೆಕ್ಸಿನ ಐದು ತುಂಡುಗಳಿಗೆ, ಹಂಚಿದ್ದೀರಿ. ‘ಎಲೆಚುಕ್ಕಿ’ ಅಂತ ಹುಡುಕಿದರೆ ಮೊದಲ ಪುಟದಲ್ಲಿ ಕಂಡದ್ದೇ ಎರಡನೆಯದರಲ್ಲೂ ಬರುತ್ತದೆ, ಕೆಲವು ಪೋಸ್ಟ್ ಕಾಣುವುದೇ ಇಲ್ಲ ಅಂದಿರಿ. ಡೇಟಾ ಹಾಳಾಗಿಲ್ಲ, ಹೆದರಬೇಡಿ.

ಹುಡುಕಾಟ ಎರಡು ಸುತ್ತಿನಲ್ಲಿ ನಡೆಯುತ್ತದೆ. ನಿಮ್ಮ ಪ್ರಶ್ನೆ ಸಿಕ್ಕಿದ ನೋಡ್ (ಅಂದರೆ ಒಂದು ಸರ್ವರ್) ಐದೂ ಶಾರ್ಡ್‌ಗಳನ್ನು ಕೇಳುತ್ತದೆ. ಪ್ರತಿ ಶಾರ್ಡ್ ತನ್ನಲ್ಲಿ ಮೇಲೆ ಬಂದವುಗಳ ಐಡಿ, ಅಂಕ (ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತದೆ ಎಂಬ ಲೆಕ್ಕ) ಮಾತ್ರ ಕಳಿಸುತ್ತದೆ. ಆ ನೋಡ್ ಎಲ್ಲ ಪಟ್ಟಿಗಳನ್ನು ಸೇರಿಸಿ, ಬೇಕಾದ 10 ಆರಿಸಿ, ಅಷ್ಟರ ಪೂರ್ತಿ ಬರಹ ಮಾತ್ರ ತರಿಸುತ್ತದೆ. ನೂರನೇ ಪುಟ ಕೇಳಿದಿರಿ ಅಂತಿಟ್ಟುಕೊಳ್ಳಿ. ಯಾವ ಶಾರ್ಡ್‌ನಲ್ಲಿ ಏನುಂಟು ಅಂತ ಮೊದಲೇ ತಿಳಿಯದ ಕಾರಣ ಪ್ರತಿಯೊಂದೂ 1000 ಕಳಿಸಬೇಕು. ಒಟ್ಟು 5000, ಅದರಲ್ಲಿ 4990 ಸುಮ್ನೆ ಬಿಸಾಡುವುದು. 10,000ನೇ ಫಲಿತಾಂಶ ದಾಟಿದರೆ ಎರರ್ ಬರುವುದೂ ಇದಕ್ಕೇ. ದಯವಿಟ್ಟು ಆ ಮಿತಿಯನ್ನು ಏರಿಸಬೇಡಿ, ಸರ್ವರ್‌ನ ಮೆಮೊರಿ ಅಲ್ಲೇ ಹೋಗುತ್ತದೆ.

ಇನ್ನು ನಿಮ್ಮ ತೊಂದರೆ. ಪ್ರತಿ ಶಾರ್ಡ್‌ಗೆ ರೆಪ್ಲಿಕಾ, ಅಂದರೆ ನಕಲು ಪ್ರತಿ, ಉಂಟಲ್ವಾ? ಮೊದಲ ಪುಟಕ್ಕೆ ಒಂದು ಪ್ರತಿ ಉತ್ತರ ಕೊಟ್ಟರೆ ಎರಡನೆಯದಕ್ಕೆ ಇನ್ನೊಂದು ಕೊಡಬಹುದು. ಅಂಕ ಸಮ ಬಂದ ಪೋಸ್ಟ್‌ಗಳ ಕ್ರಮ ಎರಡರಲ್ಲೂ ಒಂದೇ ಇರಬೇಕೆಂದಿಲ್ಲ. ಅಳಿಸಿದ ಪೋಸ್ಟ್‌ಗಳೂ ಸೆಗ್ಮೆಂಟ್‌ಗಳು (ಶಾರ್ಡ್ ಒಳಗಿನ ಸಣ್ಣ ಭಾಗಗಳು) ಮರ್ಜ್ ಆಗುವವರೆಗೆ ಲೆಕ್ಕದಲ್ಲಿರುತ್ತವೆ, ಅದರಿಂದ ಅಂಕವೂ ಸ್ವಲ್ಪ ಬದಲಾಗುತ್ತದೆ. ಮಧ್ಯೆ ಹೊಸ ಪೋಸ್ಟ್ ಬಂದರೆ ಎಲ್ಲವೂ ಕೆಳಗೆ ಸರಿಯುತ್ತದೆ. ಹಾಗಾಗಿ ಸಾರ್ಟ್‌ನಲ್ಲಿ ಅಂಕದ ನಂತರ ಪೋಸ್ಟ್ ಸಂಖ್ಯೆಯನ್ನೂ ಕೊಡಿ. ಪಾಯಿಂಟ್ ಇನ್ ಟೈಮ್ (ಆ ಕ್ಷಣದ ಡೇಟಾವನ್ನು ಹಾಗೇ ಹಿಡಿದಿಡುವ ನೋಟ) ತೆರೆದು, ಸರ್ಚ್ ಆಫ್ಟರ್ (‘ಇದರ ನಂತರದ್ದು ಕೊಡು’ ಅನ್ನುವ ಆಯ್ಕೆ) ಒಳಗೆ ಹಿಂದಿನ ಪುಟದ ಕೊನೆಯ ಪೋಸ್ಟ್‌ನ ಸಾರ್ಟ್ ಮೌಲ್ಯಗಳನ್ನು ಕಳಿಸಿ. ನೇರ 40ನೇ ಪುಟಕ್ಕೆ ಹಾರಲಿಕ್ಕೆ ಆಗುವುದಿಲ್ಲ, ‘ಮುಂದೆ’ ಬಟನ್ ಸಾಕು. ಹಳೆಯದು ಬೇಕಾದವರಿಗೆ ವರ್ಷದ ಫಿಲ್ಟರ್ ಕೊಡಿ.

ನೀವು ಕೇಳದ ಇನ್ನೊಂದು ವಿಷಯ ಉಂಟು, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಅಪರೂಪದ ಪದಕ್ಕೆ ಅಂಕ ಹೆಚ್ಚು, ಆದರೆ ಅಪರೂಪವೋ ಅಲ್ಲವೋ ಅಂತ ಪ್ರತಿ ಶಾರ್ಡ್ ತನ್ನೊಳಗೆ ಮಾತ್ರ ನೋಡುತ್ತದೆ. ಎಣ್ಮಕಜೆ ಪಂಚಾಯತಿನ ಶಾರ್ಡ್‌ನಲ್ಲಿ ‘ಎಲೆಚುಕ್ಕಿ’ ತುಂಬಾ ಇದ್ದು, ಮಂಜೇಶ್ವರದ್ದರಲ್ಲಿ ಎರಡೇ ಇದ್ದರೆ, ಆ ಎರಡು ಸುಮ್ಮನೆ ಮೇಲೆ ಬಂದು ಕೂರುತ್ತವೆ. ಬೇರೆ ಬೇರೆ ಉಪಜಿಲ್ಲಾ ಕಲೋತ್ಸವದ ತೀರ್ಪುಗಾರರು ಕೊಟ್ಟ ಅಂಕಗಳನ್ನು ಒಂದೇ ಪಟ್ಟಿಗೆ ಹಾಕಿದ ಹಾಗೆ. ಸರ್ಚ್ ಟೈಪನ್ನು ಡಿಎಫ್‌ಎಸ್ ಮಾಡಿದರೆ ಮೊದಲು ಎಲ್ಲ ಶಾರ್ಡ್‌ಗಳ ಪದಲೆಕ್ಕ ಕೂಡಿಸಿ ಆಮೇಲೆ ಅಂಕ ಕೊಡುತ್ತದೆ. ಇದಕ್ಕೆ ಇನ್ನೊಂದು ಸುತ್ತು ಬೇಕು, ಸ್ವಲ್ಪ ನಿಧಾನ.

ಆದರೆ ನಿಮ್ಮಷ್ಟು ಪೋಸ್ಟ್‌ಗೆ ಐದು ಶಾರ್ಡ್ ಯಾಕೆ? 7.0 ಆವೃತ್ತಿಯಿಂದ ಡಿಫಾಲ್ಟ್ ಒಂದೇ, ಅದಕ್ಕೆ ಮೊದಲು ಐದಿತ್ತು. ಒಂದು ಶಾರ್ಡ್‌ನಲ್ಲಿ ಹತ್ತಾರು ಜಿಬಿ ಆರಾಮವಾಗಿ ಹಿಡಿಯುತ್ತದೆ. ಒಂದೇ ಶಾರ್ಡ್‌ನ ಹೊಸ ಇಂಡೆಕ್ಸ್ ಮಾಡಿ ರೀಇಂಡೆಕ್ಸ್ ಕೊಡಿ (ಪೋಸ್ಟ್‌ಗಳೆಲ್ಲ ಹೊಸದಕ್ಕೆ ನಕಲಾಗುತ್ತವೆ), ಪಂಚಾಯತನ್ನು ಫಿಲ್ಟರ್ ಆಗಿ ಇಟ್ಟುಕೊಳ್ಳಿ. ರೆಪ್ಲಿಕಾ ಇರುವವರೆಗೆ ಮೇಲೆ ಹೇಳಿದ ಸಾರ್ಟ್ ಮಾತ್ರ ಬೇಕೇ ಬೇಕು. ಮೊದಲ ಮೂರು ಪುಟದ ಐಡಿಗಳನ್ನು ತಾಳೆ ನೋಡಿ. ಆಮೇಲೂ ಒಂದೇ ಐಡಿ ಎರಡು ಸಲ ಬಂದರೆ ಕ್ವೆರಿಯ ಸಾರ್ಟ್ ಭಾಗವನ್ನು ಇಲ್ಲಿ ಹಾಕಿ, ನೋಡೋಣ.