ದೋಷವಿದ್ದರೂ ವಿದ್ಯುತ್ ಹೆಚ್ಚು ಹರಿಯುವುದೇಕೆ?

ಪ್ರಶ್ನೆ: ಲೋಹದಲ್ಲಿ ಕಲ್ಮಶ ಹೆಚ್ಚಿದಷ್ಟೂ ರೋಧ ಹೆಚ್ಚುತ್ತದೆ ಎಂದು ಕಲಿತಿದ್ದೇವೆ. ಆದರೆ ಕ್ವಾಂಟಂ ಟನಲಿಂಗ್ ಸಾಧನಗಳಲ್ಲಿ ದೋಷಗಳಿಂದಲೇ ವಿದ್ಯುತ್ ಪ್ರವಾಹ ಹೆಚ್ಚುವುದೂ ಉಂಟೆಂದು ಓದಿದೆ. ಇದು ಹೇಗೆ ಸಾಧ್ಯ, ಸರ್?
– ಎಂ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ನೀವು ಓದಿದ್ದು ಸರಿ. ಲೋಹದ ತಂತಿಯಲ್ಲಿ ಎಲೆಕ್ಟ್ರಾನುಗಳಿಗೆ ದಾರಿ ಮೊದಲೇ ತೆರೆದಿರುವುದರಿಂದ ಕಲ್ಮಶವು ಅವನ್ನು ಚದುರಿಸಿ ಅಡ್ಡಿಪಡಿಸುತ್ತದೆ. ಟನಲಿಂಗ್ ಸಾಧನದಲ್ಲಾದರೋ ಎರಡು ಲೋಹಗಳ ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಅವಾಹಕ ಪದರವು ತಡೆಗೋಡೆಯಾಗಿ ನಿಂತಿರುತ್ತದೆ. ಏರಿ ಹೋಗುವಷ್ಟು ಶಕ್ತಿಯಿಲ್ಲದ ಎಲೆಕ್ಟ್ರಾನು ಈ ಗೋಡೆಯನ್ನು ತೂರಿಕೊಂಡೇ ಆಚೆ ಬರುವುದಕ್ಕೆ ಟನಲಿಂಗ್ ಎನ್ನುತ್ತಾರೆ. ಹೀಗೆ ದಾಟುವ ಸಂಭವನೀಯತೆ ದಪ್ಪ ಹೆಚ್ಚಿದಂತೆ ಘಾತೀಯವಾಗಿ ಕುಸಿಯುತ್ತದೆ.

ಲೆಕ್ಕ ಹಾಕಿಯೇ ನೋಡಿ. ತಡೆಗೋಡೆಯ ಎತ್ತರ (ಎಂದರೆ ಅದನ್ನು ಏರಿ ದಾಟಲು ಎಲೆಕ್ಟ್ರಾನಿಗೆ ಬೇಕಾದ ಹೆಚ್ಚುವರಿ ಶಕ್ತಿ) 1 ಎಲೆಕ್ಟ್ರಾನ್ ವೋಲ್ಟ್, ದಪ್ಪ 2 ನ್ಯಾನೋಮೀಟರ್ ಎಂದಿಟ್ಟುಕೊಂಡು, ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು ನಿರ್ವಾತದಲ್ಲಿರುವಷ್ಟೇ ಎಂದು ತೆಗೆದುಕೊಂಡರೆ, ದಪ್ಪವು 1.5 ನ್ಯಾನೋಮೀಟರಿಗೆ ಇಳಿದ ಜಾಗದಲ್ಲಿ ಪ್ರವಾಹವು ಸುಮಾರು 165 ಪಟ್ಟು ಹೆಚ್ಚುತ್ತದೆ. ಅಂಥ ಜಾಗ ಒಟ್ಟು ವಿಸ್ತೀರ್ಣದ ಶೇ 1ರಷ್ಟೇ ಇದ್ದರೂ, ಉಳಿದ ಶೇ 99ರಷ್ಟು ಜಾಗ ಸಾಗಿಸುವುದಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ಅದೊಂದೇ ಸಾಗಿಸುತ್ತದೆ. ನಮ್ಮ ಕಡೆಯ ಕೆರೆಗಳಲ್ಲಿ ನೀರು ಜಿನುಗುವುದು ಏರಿ ಸವೆದಿರುವ ಕಡೆಯೇ ಹೊರತು ಅದರ ಸರಾಸರಿ ದಪ್ಪವನ್ನು ನೋಡಿಯಲ್ಲ. ಆದ್ದರಿಂದ ಪದರದ ಸರಾಸರಿ ದಪ್ಪವನ್ನು ಮಾತ್ರ ನಂಬಿದವರು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಇನ್ನೊಂದು ಕಾರಣ ಇದಕ್ಕಿಂತಲೂ ಸ್ವಾರಸ್ಯಕರ. ಪದರದೊಳಗಿನ ಒಂದು ಪರಮಾಣು ದೋಷವು ಎಲೆಕ್ಟ್ರಾನು ತಂಗಬಲ್ಲ ಶಕ್ತಿಮಟ್ಟವನ್ನು ಒದಗಿಸಬಹುದು. ಆ ಮಟ್ಟವು ಎಲೆಕ್ಟ್ರಾನಿನ ಶಕ್ತಿಗೆ ಹೊಂದಿಕೊಂಡು, ದೋಷವು ಗೋಡೆಯ ನಟ್ಟನಡುವೆ ಇದ್ದರೆ ಅನುರಣನ (ರೆಸೊನೆನ್ಸ್) ಉಂಟಾಗಿ ದಾಟುವಿಕೆ ಬಹಳ ಸುಲಭವಾಗುತ್ತದೆ; ದೋಷವು ಒಂದು ಬದಿಗೆ ಸರಿದಂತೆಲ್ಲ ಈ ಅನುಕೂಲ ಬೇಗನೆ ಕಳೆದುಹೋಗುತ್ತದೆ. ಸಾಧನ ಚಿಕ್ಕದಾದಷ್ಟೂ ಅದರೊಳಗಿನ ದೋಷಗಳು ಬೆರಳೆಣಿಕೆಯಷ್ಟಾಗುವುದರಿಂದ, ಒಂದೇ ಬಿಲ್ಲೆಯ (ವೇಫರ್) ಮೇಲೆ ಒಟ್ಟಿಗೆ ತಯಾರಾದ ಎರಡು ಸಾಧನಗಳೂ ಒಂದೇ ರೀತಿ ವರ್ತಿಸುವುದಿಲ್ಲ.

ಹಾಗೆಂದು ಅವ್ಯವಸ್ಥೆ ಯಾವಾಗಲೂ ಪ್ರವಾಹವನ್ನು ಹೆಚ್ಚಿಸುತ್ತದೆಂದು ಭಾವಿಸಬೇಡಿ. 1974ರಲ್ಲಿ ವಿಜ್ಞಾನಿಗಳಾದ ಚಾಂಗ್, ಎಸಾಕಿ ಮತ್ತು ತ್ಸು ತೋರಿಸಿಕೊಟ್ಟ, ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಜೋಡಿ ತಡೆಗೋಡೆಯ ರಚನೆಯಲ್ಲಿ ಅನುರಣನವು ಸಾಧನದ ವಿನ್ಯಾಸದಲ್ಲೇ ಅಡಕವಾಗಿದೆ. ಅಲ್ಲಿ ಪದರಗಳ ಅಂಚು ಒಂದೇ ಒಂದು ಪರಮಾಣು ಪದರದಷ್ಟು, ಎಂದರೆ ಸುಮಾರು 0.28 ನ್ಯಾನೋಮೀಟರಿನಷ್ಟು, ಏರುಪೇರಾದರೂ ಶಕ್ತಿಮಟ್ಟ ಜಾಗದಿಂದ ಜಾಗಕ್ಕೆ ಬದಲಾಗಿ ಪ್ರವಾಹದ ಶಿಖರ, ಎಂದರೆ ಅನುರಣನದ ವೋಲ್ಟೇಜಿನಲ್ಲಿ ಸಿಗುವ ಗರಿಷ್ಠ ಪ್ರವಾಹ, ತಗ್ಗುತ್ತದೆ. ಅದೇ ಒರಟುತನದ ಚದುರಿಕೆಯಿಂದ ಕಣಿವೆಯ ಪ್ರವಾಹ, ಎಂದರೆ ಶಿಖರ ದಾಟಿ ಅನುರಣನ ತಪ್ಪಿದಾಗ ಉಳಿಯುವ ಕನಿಷ್ಠ ಪ್ರವಾಹ, ಏರುತ್ತದೆ.

ಪ್ರಯೋಗಾಲಯದಲ್ಲಿ ಈ ದಾರಿಗಳನ್ನು ಬೇರ್ಪಡಿಸಲು ಸಾಧನವನ್ನು ತಂಪಾಗಿಸಿ ಅಳೆಯಬೇಕು. ನೇರ ಟನಲಿಂಗ್ ಪ್ರವಾಹವು ಉಷ್ಣತೆಯೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಎರಡು ಅಥವಾ ಹೆಚ್ಚು ದೋಷಗಳ ನಡುವೆ ಜಿಗಿಯುತ್ತ ಸಾಗುವ ಪ್ರವಾಹಕ್ಕೆ ಜಾಲಕದ (ಪದರದ ಪರಮಾಣುಗಳ ಜೋಡಣೆಯ) ಕಂಪನಗಳ ನೆರವು ಬೇಕಾದ್ದರಿಂದ ಸಾಧನ ತಂಪಾದಂತೆ ಅದು ಕ್ಷೀಣಿಸುತ್ತದೆ.